ಕ್ಯಾಂಪ್ ಮುಗಿದ ಮಾರನೆಯ ದಿನ

ನಮ್ಮ ಕೊತ್ತತ್ತಿ ಹೋಬಳಿಯಲ್ಲಿ ಯಾರಿಗೆ ಶುಗರ್ ಇದೆ, ಯಾರಿಗಿಲ್ಲ ಎಂದು ತಿಳಿಯುವುದು ಈಗ ಕಷ್ಟವೇನಲ್ಲ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೇ ಬಂದು ಫಾರಂ ತುಂಬಿಕೊಳ್ಳುತ್ತಾರೆ. ಪಂಚಾಯ್ತಿ ಕಟ್ಟಡದ ಮುಂದೆ ಶಾಮಿಯಾನ ಹಾಕಿ, ಬೆರಳು ಚುಚ್ಚಿ ನೋಡುತ್ತಾರೆ. ಕಷ್ಟ ಶುರುವಾಗುವುದು ಶಾಮಿಯಾನ ಬಿಚ್ಚಿದ ಮೇಲೆ. ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ನಮ್ಮ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯಲ್ಲಿ ಕೂತಿದ್ದೆ. ಅದೇ ಕೇಂದ್ರದಲ್ಲಿ ಚೀಟಿ ಹಿಡಿದು ಮಾತ್ರೆಗೆ ನಿಲ್ಲುವ ರೋಗಿಯೂ ನಾನೇ. ಕಿಟಕಿಯ ಎರಡೂ ಕಡೆಯಿಂದ ನೋಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಲೆಕ್ಕ. ಬಯಲು ಪ್ರದೇಶದಲ್ಲಿ 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಕ್ಕೊಂದು ಉಪಕೇಂದ್ರ ಇರಬೇಕೆಂಬುದು ಸರ್ಕಾರದ ಮಾನದಂಡ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನ ದೇಶದ ಪಟ್ಟಣಗಳ ವಯಸ್ಕರಲ್ಲಿ ಶೇ. 16.4, ಹಳ್ಳಿಗಳಲ್ಲಿ ಶೇ. 8.9ರಷ್ಟು ಮಂದಿಗೆ ಮಧುಮೇಹ ಇದೆ ಎಂದಿತು. 30,000 ಜನರಲ್ಲಿ 20,000 ವಯಸ್ಕರೆಂದು ಹಿಡಿದರೂ ಒಂದು ಕೇಂದ್ರದ ವ್ಯಾಪ್ತಿಯಲ್ಲಿ 1,780 ಜನ ಶುಗರಿನವರು. ಎಲ್ಲರೂ ತಿಂಗಳಿಗೊಮ್ಮೆ ಬಂದರೆ, 25 ಕೆಲಸದ ದಿನಕ್ಕೆ ಹಂಚಿದಾಗ ದಿನಕ್ಕೆ ಸುಮಾರು 70 ಜನ. ಜ್ವರ, ನಾಯಿ ಕಡಿತ, ಬಸುರಿಯರ ತಪಾಸಣೆ, ಮಕ್ಕಳ ಲಸಿಕೆ ಎಲ್ಲ ಅದರ ಮೇಲೆ. ಇಷ್ಟಕ್ಕೂ ಸಾಮಾನ್ಯವಾಗಿ ಒಬ್ಬರು ಡಾಕ್ಟರು, ಒಬ್ಬರು ಫಾರ್ಮಸಿಸ್ಟ್, ಒಬ್ಬರು ಲ್ಯಾಬ್ ಟೆಕ್ನಿಷಿಯನ್. ಈ ಲೆಕ್ಕವನ್ನು ಸಭೆಯಲ್ಲಿ ಓದಿದಾಗ ಡಾಕ್ಟರು ನಕ್ಕು, "ಅಷ್ಟೂ ಜನ ಬರಲ್ಲ ಬಿಡಿ ಮೇಷ್ಟ್ರೇ, ಅದಕ್ಕೇ ನಡೀತಿದೆ" ಎಂದರು. ಅವರ ಮಾತು ನಿಜವೇ ಆಗಿತ್ತು. ಬರಬೇಕಾದವರು ಬಾರದಿರುವುದರಿಂದಲೇ ನಮ್ಮ ವ್ಯವಸ್ಥೆ ನಿಂತಿದೆ.

ಹಣ ಬರುವ ದಾರಿಯನ್ನೂ ಸಮಿತಿಯಲ್ಲೇ ತಿಳಿದುಕೊಂಡೆ. ಸಕ್ಕರೆ ಕಾಯಿಲೆ, ಬಿಪಿ, ಕ್ಯಾನ್ಸರ್, ಪಾರ್ಶ್ವವಾಯುಗಳಿಗೆಂದು ಕೇಂದ್ರ ಸರ್ಕಾರ 2010ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ತಂದಿತು. ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಡಿಯಲ್ಲಿ ಅದರ ಖರ್ಚಿನಲ್ಲಿ ಕೇಂದ್ರದ್ದು 60 ಪಾಲು, ರಾಜ್ಯದ್ದು 40. ಡಾಕ್ಟರು, ಫಾರ್ಮಸಿಸ್ಟರ ಹುದ್ದೆಗಳು ರಾಜ್ಯದವು. 2018ರ ನಂತರ ಉಪಕೇಂದ್ರಗಳಿಗೆ ಬಂದ ಸಮುದಾಯ ಆರೋಗ್ಯ ಅಧಿಕಾರಿಗಳು ಅಭಿಯಾನದ ಗುತ್ತಿಗೆಯವರು. ಅವರಿಗೆ ಒಂದಂಶ ಸಂಬಳ, ಇನ್ನೊಂದಂಶ ಮಾಡಿದ ಕೆಲಸದ ಲೆಕ್ಕಕ್ಕೆ ಸಿಗುವ ಪ್ರೋತ್ಸಾಹಧನ. ಒಂದೇ ರೋಗಿಯನ್ನು ನೋಡುವವರಿಗೆ ಬೇರೆ ಬೇರೆ ಬಗೆಯ ನೌಕರಿ. ಗುತ್ತಿಗೆಯವರು ಹತ್ತಿರದಲ್ಲಿ ಖಾಯಂ ಕೆಲಸ ಸಿಕ್ಕಿದರೆ ಹೊರಟುಬಿಡುತ್ತಾರೆ; ಅವರನ್ನು ದೂರುವಂತಿಲ್ಲ. ಹಾಗೆ ಹೊರಟವರ ಜೊತೆಗೇ ಯಾರ ಕಾಲಲ್ಲಿ ಜೋಮು, ಯಾರು ಮಾತ್ರೆ ಬಿಟ್ಟು ನಾಟಿ ಔಷಧಿಗೆ ಹೋಗಿದ್ದಾರೆ ಎಂಬ ತಿಳಿವಳಿಕೆಯೂ ಹೋಗುತ್ತದೆ. ಅದು ಯಾವ ಪೋರ್ಟಲ್ಲಿನಲ್ಲೂ ಇರುವುದಿಲ್ಲ.

ಖಾಲಿ ಹುದ್ದೆಗಿಂತ ಹೆಚ್ಚು ಕಾಡುವುದು ಇದ್ದೂ ಇಲ್ಲದ ಹುದ್ದೆ. ನಮ್ಮ ಕೇಂದ್ರದ ಲ್ಯಾಬ್ ಟೆಕ್ನಿಷಿಯನ್ ಕಾಗದದ ಮೇಲೆ ನಮ್ಮವರೇ, ಆದರೆ ವಾರದಲ್ಲಿ ಮೂರು ದಿನ ಬೇರೆ ಕೇಂದ್ರಕ್ಕೆ ನಿಯೋಜನೆ. ಯಾವ ಮೂರು ದಿನ ಎಂದು ಊರಿಗೆ ಹೇಳಿದವರಿಲ್ಲ. ಒಂದು ಬೆಳಿಗ್ಗೆ ಗದ್ದೆ ಕೂಲಿಗೆ ಹೋಗುವ ಹೆಂಗಸೊಬ್ಬರು ಜಗಲಿಯ ಮೇಲೆ ಕೂತಿದ್ದರು. "ಮೇಷ್ಟ್ರೇ, ಎದ್ದೋಳು ಹಂಗೇ ಬಂದಿವ್ನಿ, ಕಾಫೀನೂ ಕುಡ್ದಿಲ್ಲ. ಇನ್ನೆಷ್ಟೊತ್ತಾಯ್ತದೆ?" ಎಂದರು. ಹನ್ನೊಂದಾದರೂ ಲ್ಯಾಬಿನ ಬೀಗ ತೆಗೆಯಲಿಲ್ಲ. ತಲೆ ಸುತ್ತುತ್ತದೆಂದು ಎದುರಿನ ಅಂಗಡಿಯಲ್ಲಿ ಟೀ, ಬನ್ನು ತಿಂದರು. ಖಾಲಿ ಹೊಟ್ಟೆಯ ಪರೀಕ್ಷೆಯೂ ಹೋಯಿತು, ಅವತ್ತಿನ ಕೂಲಿಯೂ ಹೋಯಿತು. ಆಮೇಲೆ ಬಹಳ ದಿನ ಅವರು ಆ ಕಡೆ ತಲೆ ಹಾಕಲಿಲ್ಲ. ನಾವು ಹೊಸ ಹುದ್ದೆ ಕೇಳಿ ಅರ್ಜಿ ಹಾಕಿದೆವು, ಉತ್ತರ ಬರಲಿಲ್ಲ. ಕೊನೆಗೆ ಡಾಕ್ಟರು, ಫಾರ್ಮಸಿಸ್ಟ್, ಲ್ಯಾಬಿನವರು ಮೂವರೂ ಇರುವ ಒಂದು ದಿನ ಗೊತ್ತುಮಾಡಿ, ಮಂಗಳವಾರ ಶುಗರ್ ದಿನ ಎಂದು ಗೋಡೆಗೆ ಬರೆಸಿ, ಹಾಲಿನ ಡೇರಿಯಲ್ಲೂ ಹೇಳಿಸಿದೆವು. ಇದಕ್ಕೆ ಖರ್ಚಾದದ್ದು ಬಣ್ಣದ ದುಡ್ಡು ಮಾತ್ರ.

ಮಾತ್ರೆಯ ವಿಷಯದಲ್ಲಿ ಕಲಿತದ್ದು ಇನ್ನೂ ದೊಡ್ಡದು. ಸಕ್ಕರೆ ಕಾಯಿಲೆಯ ಮಾತ್ರೆ ದುಬಾರಿಯಲ್ಲ. ಮೆಟ್‌ಫಾರ್ಮಿನ್ ದಿನಕ್ಕೆರಡು ಎಂದರೆ 100 ಜನಕ್ಕೆ ತಿಂಗಳಿಗೆ 6,000 ಮಾತ್ರೆ. ಆದರೆ ನಮ್ಮ ಇಂಡೆಂಟ್, ಅಂದರೆ ಔಷಧಿಯ ಬೇಡಿಕೆ ಪಟ್ಟಿ, ಹೋಗುತ್ತಿದ್ದುದು ಕಳೆದ ವರ್ಷ ಎಷ್ಟು ಖರ್ಚಾಯಿತು ಎಂಬುದರ ಮೇಲೆ. ಕಳೆದ ವರ್ಷ ಎರಡು ತಿಂಗಳು ದಾಸ್ತಾನು ಇರಲಿಲ್ಲ ಅನ್ನಿ, ಆ ಎರಡು ತಿಂಗಳ ಖರ್ಚು ಸೊನ್ನೆ. ಬರಿಗೈಯಲ್ಲಿ ವಾಪಸು ಹೋದವರು ಲೆಕ್ಕಕ್ಕೇ ಬರಲಿಲ್ಲ. ಈ ವರ್ಷ ಅಷ್ಟು ಕಡಿಮೆ ಬರುತ್ತದೆ, ಇನ್ನಷ್ಟು ಜನ ವಾಪಸು ಹೋಗುತ್ತಾರೆ. ಕೊರತೆಯೇ ಕೊರತೆಯನ್ನು ಹೆರುತ್ತಿತ್ತು. ನಮ್ಮ ಫಾರ್ಮಸಿಸ್ಟ್ ಪುಣ್ಯಾತ್ಮರು, ಹೇಳಿದ್ದನ್ನು ಕಿವಿಗೆ ಹಾಕಿಕೊಂಡರು. ಊರುವಾರು ರೋಗಿಗಳ ಪಟ್ಟಿ ಮಾಡಿ, ತಲೆ ಲೆಕ್ಕದಲ್ಲಿ ಇಂಡೆಂಟ್ ಬರೆದರು. ಕೇಳಿದಷ್ಟೂ ಬರಲಿಲ್ಲ, ಆದರೆ ಹತ್ತು ದಿನದ ಮಾತ್ರೆ ಕೊಟ್ಟು ಕಳಿಸುತ್ತಿದ್ದಲ್ಲಿ ತಿಂಗಳಿಗಾಗುವಷ್ಟು ಕೊಡುವಂತಾಯಿತು. ಹತ್ತು ದಿನಕ್ಕೊಮ್ಮೆ ಕೂಲಿ ಬಿಟ್ಟು ಬರುವವರು ಯಾರು?

ಇನ್ನು ರಕ್ತ ಪರೀಕ್ಷೆಯ ಸ್ಟ್ರಿಪ್. ಗ್ಲುಕೋಮೀಟರ್ ಒಂದು ಕಂಪನಿಯದು, ಆಮೇಲೆ ಬಂದ ಸ್ಟ್ರಿಪ್ ಇನ್ನೊಂದರದು. ಅದಕ್ಕೆ ಇದು ಕೂರುವುದಿಲ್ಲ. ಬೀರುವಿನಲ್ಲಿ ಮೀಟರು ಸಾಲಾಗಿದ್ದರೂ ಪರೀಕ್ಷೆ ನಿಂತಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವರ್ಷಕ್ಕೆ 1.75 ಲಕ್ಷ ರೂಪಾಯಿ ಮುಕ್ತ ನಿಧಿ ಎಂಬುದು ಅಭಿಯಾನದ ಮಾನದಂಡ. ಅದು ನಲ್ಲಿ ರಿಪೇರಿ, ಸುಣ್ಣಬಣ್ಣ, ಯುಪಿಎಸ್ ಬ್ಯಾಟರಿಗೇ ಕರಗುತ್ತದೆ, ಕೆಲವೊಮ್ಮೆ ಹಣಕಾಸು ವರ್ಷದ ಕೊನೆಗೆ ಬಂದು ಅವಸರದಲ್ಲಿ ಮುಗಿಯುತ್ತದೆ. ವರ್ಷದ ಮೊದಲ ಸಭೆಯಲ್ಲೇ ಸ್ಟ್ರಿಪ್ಪಿಗೆಂದು ಒಂದು ಪಾಲು ತೆಗೆದಿಡುವ ತೀರ್ಮಾನ ಬರೆಸಿದೆವು. ಬರೆಸಿದ್ದರಿಂದಲೇ ಅದು ಉಳಿಯಿತು.

ಆದರೂ ಬುಡದ ತೊಂದರೆ ಹಾಗೇ ಇದೆ. ಸರ್ಕಾರ ಎಣಿಸುವುದು ಎಷ್ಟು ಜನರ ತಪಾಸಣೆ ಆಯಿತು ಎಂಬುದನ್ನು. 2025ರ ಫೆಬ್ರವರಿ 20ರಿಂದ ಮಾರ್ಚ್ 31ರವರೆಗೆ 30 ವರ್ಷ ದಾಟಿದವರ ತಪಾಸಣೆಗೆ ದೇಶದಾದ್ಯಂತ ವಿಶೇಷ ಅಭಿಯಾನ ನಡೆಯಿತು. ನಮ್ಮ ರಾಜ್ಯವೂ 2024ರಲ್ಲಿ ಕೋಲಾರದಿಂದ ಮನೆ ಬಾಗಿಲಿನ ತಪಾಸಣೆಯ ಗೃಹ ಆರೋಗ್ಯ ಯೋಜನೆ ಶುರುಮಾಡಿತು. ಎರಡೂ ಬೇಕಾದವೇ. ಆದರೆ ಮನೆ ಮನೆ ತಿರುಗುವ ಆಶಾಗೆ ಕೇಂದ್ರ ಸರ್ಕಾರದ ದರದಲ್ಲಿ ಒಂದು ಫಾರಂ ತುಂಬಿದರೆ 10 ರೂಪಾಯಿ, ಒಬ್ಬ ರೋಗಿಯನ್ನು ಆರು ತಿಂಗಳು ಬೆನ್ನುಹತ್ತಿ ಮಾತ್ರೆ ಬಿಡದಂತೆ ನೋಡಿಕೊಂಡರೆ 50. ತಿಂಗಳಿಗೆ ಎಂಟು ರೂಪಾಯಿ ಚಿಲ್ಲರೆ. 2025ರ ಜನವರಿಯಲ್ಲಿ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಧರಣಿ ಕೂತದ್ದು ಸುಮ್ಮನೆ ಅಲ್ಲ. ಕಾಯಿಲೆ ಹುಡುಕಲು ದುಡ್ಡಿದೆ, ಹುಡುಕಿದ ಮೇಲೆ ಜೊತೆಗಿರುವವರಿಗೆ ಇಲ್ಲ. ಕಾಲು ಕೊಳೆತು ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಸರ್ಕಾರಕ್ಕೂ ಮನೆಯವರಿಗೂ ಆಗುವ ಖರ್ಚಿನ ಮುಂದೆ ಈ ಮಾತ್ರೆ, ಸ್ಟ್ರಿಪ್ಪಿನ ಖರ್ಚು ಯಾವ ಲೆಕ್ಕ?

ನಿಮ್ಮೂರಿನ ಕೇಂದ್ರದಲ್ಲೂ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ. ಅದರ ಸಭೆ ಯಾವಾಗ ಎಂದು ವಿಚಾರಿಸಿ. ಪಂಚಾಯ್ತಿ ಸದಸ್ಯರಾಗಿದ್ದರೆ ಹೋಗಿ ಕೂತುಕೊಳ್ಳಿ, ಅಲ್ಲದಿದ್ದರೆ ನಿಮ್ಮ ಸದಸ್ಯರನ್ನು ಕಳಿಸಿ. ಎಷ್ಟು ಜನರನ್ನು ತಪಾಸಣೆ ಮಾಡಿದಿರಿ ಎಂಬ ಪ್ರಶ್ನೆಯನ್ನು ಮೇಲಿನವರು ಕೇಳಿಯೇ ಕೇಳುತ್ತಾರೆ. ಹೋದ ತಿಂಗಳು ಮಾತ್ರೆ ಒಯ್ದವರಲ್ಲಿ ಈ ತಿಂಗಳು ಎಷ್ಟು ಜನ ಬರಲಿಲ್ಲ, ಯಾಕೆ ಬರಲಿಲ್ಲ ಎಂದು ನೀವು ಕೇಳಿ. ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ.