ಮುಂದಲೆಯ ಗೆರೆ ಎಲ್ಲಿರಬೇಕು?

ಕೂದಲು ಕಸಿಯ ದಿನ ಬೆಳಿಗ್ಗೆ ವೈದ್ಯರು ಮಾರ್ಕರ್ ಹಿಡಿದು ಹಣೆಯ ಮೇಲೊಂದು ಗೆರೆ ಎಳೆಯುತ್ತಾರೆ. ಹೊಸ ಕೂದಲು ಶುರುವಾಗುವುದೇ ಅಲ್ಲಿಂದ. ಒಮ್ಮೆ ನೆಟ್ಟ ಮೇಲೆ ಆ ಹೇರ್‌ಲೈನನ್ನು ಮೇಲಕ್ಕೆ ಸರಿಸುವುದು ಬಹಳ ಕಷ್ಟ. ಆದರೂ ಹೆಚ್ಚಿನವರು ವಿಚಾರಿಸುವುದು ಗ್ರಾಫ್ಟ್‌ಗೆ (ಬೇರುಸಹಿತ ನೆಡುವ ಕೂದಲಿನ ಚಿಕ್ಕ ತುಣುಕಿಗೆ) ಎಷ್ಟು ರೂಪಾಯಿ, ನೋವಾಗುತ್ತದೆಯೇ, ಎಷ್ಟು ದಿನ ರಜೆ ಬೇಕು ಎಂಬುದನ್ನೇ. ಗೆರೆಯ ತೀರ್ಮಾನ ಕಸಿಯ ದಿನಕ್ಕೆ ಉಳಿಯಬಾರದು. ವಾರಗಳ ಮೊದಲೇ ಮುಗಿದಿರಬೇಕು.

ಕಾಲೇಜಿನ ಫೋಟೊ ತೋರಿಸಿ ‘ಹೀಗೇ ಮಾಡಿ ಡಾಕ್ಟ್ರೇ’ ಎನ್ನುವ ಆಸೆ ಸಹಜವೇ. ಆದರೆ ಹದಿಹರೆಯದಲ್ಲಿ ಕೂದಲಿನ ಅಂಚು ಹಣೆಯ ಮೇಲ್ತುದಿಯ ಸುಕ್ಕಿಗೆ ತಾಗಿದಂತೆ, ಹೆಚ್ಚುಕಡಿಮೆ ನೇರವಾಗಿರುತ್ತದೆ. ಮುಂದೆ ಬೋಳಾಗದ ಗಂಡಸರಲ್ಲೂ ಅದು ವಯಸ್ಸಿನೊಂದಿಗೆ ಒಂದು, ಒಂದೂವರೆ ಸೆಂಟಿಮೀಟರ್ ಮೇಲೇರಿ ಎರಡೂ ಮೂಲೆಗಳಲ್ಲಿ ತುಸು ಒಳಸರಿಯುತ್ತದೆ. ಐವತ್ತರ ಮುಖಕ್ಕೆ ಹದಿನೆಂಟರ ಅಂಚು ಒಪ್ಪುವುದಿಲ್ಲ. ಆದ್ದರಿಂದ ತಮ್ಮ ಫೋಟೊದ ಜೊತೆಗೆ ಅಪ್ಪ, ಚಿಕ್ಕಪ್ಪ, ಸೋದರಮಾವ, ಎರಡೂ ಕಡೆಯ ತಾತಂದಿರ ಫೋಟೊಗಳನ್ನೂ ವೈದ್ಯರಿಗೆ ತೋರಿಸಬೇಕು. ಬೋಳುತಲೆ ತಾಯಿಯ ಕಡೆಯಿಂದ ಮಾತ್ರ ಬರುತ್ತದೆಂಬ ನಂಬಿಕೆ ತಪ್ಪು. ಎರಡೂ ಕಡೆಯಿಂದ ಬರಬಹುದು.

ಆ ಫೋಟೊಗಳನ್ನು ನೋಡಿದ ವೈದ್ಯರಿಗೆ ಮುಂದೆ ಎಷ್ಟು ಕೂದಲು ಉದುರಬಹುದೆಂಬ ಅಂದಾಜು ಸಿಗುತ್ತದೆ. ಗಂಡಸರ ಬೋಳುತಲೆಯನ್ನು ಅಳೆಯಲು ಜೇಮ್ಸ್ ಹ್ಯಾಮಿಲ್ಟನ್ 1951ರಲ್ಲಿ ಮಾಡಿದ್ದ ವಿಂಗಡಣೆಯನ್ನು ಓಟಾರ್ ನಾರ್ವುಡ್ 1975ರಲ್ಲಿ ತಿದ್ದಿದರು. ಅದರ 7 ಹಂತಗಳು ಇಂದಿಗೂ ಬಳಕೆಯಲ್ಲಿವೆ. ಮೂರನೇ ಹಂತದಲ್ಲಿರುವ 23ರ ಯುವಕನಿಗೂ, ಅದೇ ಹಂತದಲ್ಲಿ ವರ್ಷಗಳಿಂದ ನಿಂತಿರುವ 45ರ ವ್ಯಕ್ತಿಗೂ ಒಂದೇ ಗೆರೆ ಹೊಂದದು. ಯುವಕ ಮುಂದೆ ಆರನೇ ಹಂತ ಮುಟ್ಟಿದರೆ, ಹಣೆಯ ಅಂಚಿನಲ್ಲಿ ನೆಟ್ಟ ಕೂದಲಿನ ಪಟ್ಟಿ, ಅದರ ಹಿಂದೆ ಬರಿದಾದ ನೆತ್ತಿ ಉಳಿಯುತ್ತದೆ. ‘ಈಗಲೇ ಬೇಡ, ಔಷಧಗಳಾದ ಮಿನಾಕ್ಸಿಡಿಲ್ ಅಥವಾ ಫಿನಾಸ್ಟರೈಡ್‌ನಿಂದ ಉದುರುವುದು ಹತೋಟಿಗೆ ಬರುತ್ತದೆಯೇ ನೋಡೋಣ’ ಎನ್ನುವ ವೈದ್ಯರು ಸಿಕ್ಕರೆ ಅವರ ಮಾತನ್ನು ಕೇಳಬೇಕು.

ಇನ್ನು ದಾಸ್ತಾನಿನ ಲೆಕ್ಕ. ಹಿಂದಲೆಯಿಂದ ಕಿತ್ತ ಬೇರನ್ನು ಬೋಳಾದ ಜಾಗದಲ್ಲಿ ನೆಟ್ಟರೂ ಅದು ಉದುರದೆ ಉಳಿಯುವ ತನ್ನ ಗಟ್ಟಿತನ ಬಿಡುವುದಿಲ್ಲ ಎಂದು ನ್ಯೂಯಾರ್ಕಿನ ಚರ್ಮರೋಗ ತಜ್ಞ ನಾರ್ಮನ್ ಒರೆಂಟ್ರೈಕ್ 1959ರಲ್ಲಿ ಪ್ರಕಟಿಸಿದರು. ಕಸಿ ನಿಂತಿರುವುದೇ ಈ ಗುಣದ ಮೇಲೆ. ಆದರೆ ಕಿತ್ತ ಜಾಗದಲ್ಲಿ ಮತ್ತೆ ಕೂದಲು ಹುಟ್ಟುವುದಿಲ್ಲ. ಹಿಂದಲೆ ವಿಕಾರವಾಗದಂತೆ ಒಬ್ಬರಿಂದ ಇಡೀ ಜೀವಮಾನದಲ್ಲಿ ತೆಗೆಯಬಹುದಾದದ್ದು ಸಾಮಾನ್ಯವಾಗಿ ಸುಮಾರು 4000ದಿಂದ 6000 ಗ್ರಾಫ್ಟ್. ಅಂಚಿನ ಉದ್ದ 12 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಗೆರೆಯನ್ನು ಒಂದೇ ಒಂದು ಸೆಂ.ಮೀ. ಕೆಳಗಿಳಿಸಿದರೆ 12 ಚದರ ಸೆಂ.ಮೀ. ಹೆಚ್ಚುವರಿ ಜಾಗ ತುಂಬಬೇಕು. ಚದರ ಸೆಂ.ಮೀ.ಗೆ 40ರಂತೆ 480 ಗ್ರಾಫ್ಟ್ ಅಲ್ಲಿಗೇ ಹೋಯಿತು; ನಾಳೆ ನೆತ್ತಿಗೆ ಅಷ್ಟು ಕಡಿಮೆ.

ಹಾಗಾದರೆ ಗೆರೆ ಎಲ್ಲಿ? ಮನೆಯಲ್ಲೇ ಕನ್ನಡಿಯ ಮುಂದೆ ನಿಂತು ಹುಬ್ಬೇರಿಸಿದರೆ ಹಣೆಯಲ್ಲಿ ಸುಕ್ಕುಗಳು ಮೂಡುತ್ತವೆ. ಗಂಡಸರ ಹೊಸ ಅಂಚು ಎಲ್ಲಕ್ಕಿಂತ ಮೇಲಿನ ಸುಕ್ಕಿಗಿಂತಲೂ ಮೇಲಿರಬೇಕು. ಅದಕ್ಕಿಂತ ಕೆಳಗೆ ನೆಟ್ಟರೆ, ಹುಬ್ಬೇರಿಸಿದಾಗಲೆಲ್ಲ ಅಂಚೂ ಸುಕ್ಕಿನ ಜೊತೆ ಕದಲುತ್ತದೆ. ಹುಬ್ಬುಗಳ ನಡುವೆ ಬೊಟ್ಟಿಡುವ ಜಾಗದಿಂದ ಅಳೆದರೆ, ಮಧ್ಯಬಿಂದು ಬಹುತೇಕ 7ರಿಂದ 10 ಸೆಂ.ಮೀ. ಎತ್ತರದಲ್ಲಿ ಬರುತ್ತದೆ. ಮುಖ ಉದ್ದವೋ ಗುಂಡೋ ಎಂಬುದರ ಮೇಲೆ ಅದು ಬದಲಾಗುತ್ತದೆ. ಕಣ್ಣಿನ ಹೊರತುದಿಯಿಂದ ನೇರ ಮೇಲಕ್ಕೆ ಕಾಲ್ಪನಿಕ ಗೆರೆ ಎಳೆದರೆ, ಅದರ ಆಸುಪಾಸಿನಲ್ಲಿ ಮೂಲೆ ಇರಬೇಕು. ಮೂಲೆಗಳನ್ನು ಪೂರ್ತಿ ತುಂಬಿಸಿಬಿಡಿ ಎಂದು ಹಟ ಹಿಡಿಯುವುದು ಬೇಡ.

ಆಕಾರದ ವಿಷಯದಲ್ಲಿ ಅಚ್ಚುಕಟ್ಟುತನವೇ ಶತ್ರು. ನಾಲ್ಕು ಮಿಲಿಮೀಟರ್ ಅಗಲದ ಚರ್ಮದ ಬಿಲ್ಲೆಗಳನ್ನೇ ನೆಡುತ್ತಿದ್ದ ಕಾಲದಲ್ಲಿ ತಲೆ ಪ್ಲಾಸ್ಟಿಕ್ ಗೊಂಬೆಯದರಂತೆ ಕಾಣುತ್ತಿತ್ತು. ಈಗ ಮುಂದಿನ ಸಾಲುಗಳಿಗೆ ಒಂದೊಂದೇ ಕೂದಲಿರುವ ಗ್ರಾಫ್ಟ್, ಅದರ ಹಿಂದೆ ಎರಡು, ಮೂರು ಕೂದಲಿನವು. ಅಂಚು ಅಲ್ಲಲ್ಲಿ ತುಸು ಮುಂದೆ, ತುಸು ಹಿಂದೆ ಇರಬೇಕು. ಕೂದಲು ನೆಟ್ಟಗೆ ನಿಲ್ಲದೆ ಮುಂದಕ್ಕೆ ವಾಲಿರಬೇಕು. ಮುಂದಲೆಯಲ್ಲಿ ಸುಳಿ ಇದ್ದರೆ ಅದರ ತಿರುವನ್ನೇ ಅನುಸರಿಸಬೇಕು. ವರ್ಷಗಳಿಂದ ಕ್ರಾಪು ಮಾಡುತ್ತಿರುವ ಕ್ಷೌರಿಕರಿಗೆ ಆ ತಿರುವು ಚೆನ್ನಾಗಿ ಗೊತ್ತಿರುತ್ತದೆ. ಅವರನ್ನೊಮ್ಮೆ ಕೇಳುವುದು ಒಳ್ಳೆಯದು.

ಹೆಂಗಸರ ಅಂಚು ಬೇರೆಯೇ: ಹೆಚ್ಚು ದುಂಡಗೆ, ತುಸು ಕೆಳಗೆ, ಮೂಲೆಗಳು ಮುಚ್ಚಿದಂತೆ. ಅವರಲ್ಲಿ ಹಣೆ ಅಗಲವಾಗುತ್ತಿದ್ದರೆ ಮೊದಲು ಕಾರಣ ಹುಡುಕಬೇಕು. ವರ್ಷಗಟ್ಟಲೆ ಬಿಗಿಯಾಗಿ ಎಳೆದು ಕಟ್ಟಿದ ಜಡೆ ಕಾರಣವಾಗಿರಬಹುದು. ಕೂದಲಿನ ಬೇರನ್ನೇ ಸುಡುವ ಚರ್ಮರೋಗವೂ ಇರಬಹುದು. ಆ ರೋಗ ಚುರುಕಾಗಿರುವಾಗ ನೆಟ್ಟದ್ದು ಉಳಿಯುವುದಿಲ್ಲ.

ಸಮಾಲೋಚನೆಯ ದಿನವೇ ಹುಬ್ಬಿನ ಪೆನ್ಸಿಲ್‌ನಿಂದ ಗೆರೆ ಬರೆಸಿಕೊಂಡು ಮುಂದಿನಿಂದ, ಎರಡೂ ಪಕ್ಕದಿಂದ, ಮೇಲಿನಿಂದ ಫೋಟೊ ತೆಗೆದಿಡಬೇಕು. ಮನೆಯವರಿಗೆ ತೋರಿಸಿ, ಕೆಲವು ದಿನ ಬಿಟ್ಟು ಮತ್ತೆ ನೋಡಬೇಕು. ಎರಡು ಗೆರೆಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ಮೇಲಿನದನ್ನೇ ಆರಿಸಿಕೊಳ್ಳುವುದು ಕ್ಷೇಮ. ಕೆಳಗೆ ಇನ್ನೊಂದು ಸಾಲು ಮುಂದೆಯೂ ಸೇರಿಸಬಹುದು. ಗೆರೆ ಎಳೆಯುವವರು ಯಾರು, ಚರ್ಮದಲ್ಲಿ ಸೀಳು ಮಾಡುವವರು ಯಾರು ಎಂದು ಸಂಕೋಚವಿಲ್ಲದೆ ಕೇಳಬೇಕು. ಕೂದಲು ಕಸಿಯನ್ನು ತರಬೇತಿ ಪಡೆದ ಅರ್ಹ ವೈದ್ಯರೇ ಮಾಡಬೇಕು, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಮಾರ್ಗಸೂಚಿಯಲ್ಲಿ ಹೇಳಿದೆ.

ನೆಟ್ಟ ಕೂದಲು ಕೆಲವೇ ವಾರಗಳಲ್ಲಿ ಉದುರುತ್ತದೆ, ಗಾಬರಿ ಬೇಡ. ಮೂರು, ನಾಲ್ಕು ತಿಂಗಳಿಗೆ ಹೊಸದು ಚಿಗುರುತ್ತದೆ. ಅಂಚಿನ ನಿಜರೂಪ ಕಾಣಲು ವರ್ಷ ಹಿಡಿಯುತ್ತದೆ. ಮೂಲೆಗೆ ಇನ್ನಷ್ಟು ನೆಡಬೇಕೇ ಎಂಬ ಮಾತುಕತೆಯನ್ನು ಅಲ್ಲಿಯವರೆಗೆ ಮುಂದೂಡಬೇಕು.