ಆಟದಲ್ಲಿ ಕೈ ಪಳಗುವುದು ಹೇಗೆ?

“ಆಟ ರಕ್ತಗತವಾಗಿ ಬರಬೇಕು, ಕಲಿತರೆ ಬರುವಂಥದಲ್ಲ” ಎಂಬ ಮಾತು ನಮ್ಮ ಕಾಲೇಜಿನ ಷಟಲ್ ಅಂಕಣದ ಬಳಿ ವರ್ಷಕ್ಕೊಮ್ಮೆಯಾದರೂ ಕೇಳಿಬರುತ್ತದೆ. ತಂಡದ ಆಯ್ಕೆಯ ದಿನವಂತೂ ಅದು ತಪ್ಪದು. ಹಳ್ಳಿಯಿಂದ ಬಸ್ಸಿನಲ್ಲಿ ಬಂದು, ಬಿ.ಎ. ತರಗತಿಗೆ ಸೇರಿದ ಮೇಲೆ ಮೊದಲ ಬಾರಿ ರ‍್ಯಾಕೆಟ್ಟು ಹಿಡಿದ ನನ್ನಂಥವರಿಗೆ ಆ ಮಾತು ಬಾಗಿಲು ಮುಚ್ಚಿದ ಸದ್ದಿನಂತೆ ಕೇಳಿಸುತ್ತದೆ. ಮನಶ್ಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದತೊಡಗಿದ ಮೇಲೆ, ಅದರಲ್ಲಿ ದಿಟವೆಷ್ಟು ಎಂದು ನೋಡುವ ಕುತೂಹಲ ಹುಟ್ಟಿತು. ತಿಳಿದುಕೊಂಡ ಕೆಲವು ಸಂಗತಿಗಳನ್ನು ಸಹಪಾಠಿಗಳ ಹಾಗೂ ಗುರುಗಳ ಮುಂದೆ ಇಡುತ್ತಿದ್ದೇನೆ.

ನಾವು ಸೈಕಲ್ಲು ಕಲಿತ ದಿನಗಳನ್ನು ನೆನೆಯೋಣ. ಒಳಪೆಡಲು ತುಳಿಯುವಾಗ ಕೈಗೆ, ಕಾಲಿಗೆ, ಕಣ್ಣಿಗೆ ಬುದ್ಧಿಯು ಬೇರೆ ಬೇರೆಯಾಗಿ ಅಪ್ಪಣೆ ಕೊಡಬೇಕಾಗಿತ್ತು. ಎದುರಿಗೆ ಎಮ್ಮೆ ಬಂದರೆ ಅಪ್ಪಣೆಯೆಲ್ಲ ಮರೆತು ನೇರವಾಗಿ ಅದರ ಮೇಲೆಯೇ ಹೋಗುತ್ತಿದ್ದೆವು. ಕೆಲವು ವಾರಗಳಲ್ಲಿ ತಪ್ಪುಗಳು ಕಡಿಮೆಯಾದವು. ಇನ್ನೂ ಕೆಲವು ತಿಂಗಳು ಕಳೆದಾಗ ಹಾಡು ಗುನುಗುತ್ತ ಒಂದೇ ಕೈಯಲ್ಲಿ ಸಾಗುತ್ತಿದ್ದೆವು. ಫಿಟ್ಸ್ ಮತ್ತು ಪೋಸ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1967ರಲ್ಲಿ ವಿವರಿಸಿದ ಮೂರು ಘಟ್ಟಗಳು ಇವೇ: ಬುದ್ಧಿಯಿಂದ ಅರಿಯುವ ಘಟ್ಟ, ತಪ್ಪನ್ನು ತಿದ್ದಿ ಹೊಂದಿಸಿಕೊಳ್ಳುವ ಘಟ್ಟ, ತನ್ನಷ್ಟಕ್ಕೆ ತಾನೇ ನಡೆಯುವ ಘಟ್ಟ.

ಬಾಯಲ್ಲಿ ಹೇಳಬಲ್ಲ ವಿದ್ಯೆಗೂ ಕೈಯ ವಿದ್ಯೆಗೂ ಇರುವ ಅಂತರಕ್ಕೆ ಒಂದು ವಿಚಿತ್ರ ನಿದರ್ಶನವಿದೆ. ಹೆನ್ರಿ ಮೊಲೈಸನ್ ಎಂಬ ಅಮೆರಿಕದ ಯುವಕನಿಗೆ ಮೂರ್ಛೆರೋಗದ ನಿವಾರಣೆಗಾಗಿ 1953ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಯಾಯಿತು. ರೋಗವೇನೋ ತಗ್ಗಿತು, ಆದರೆ ಅಲ್ಲಿಂದ ಮುಂದೆ ನಡೆದುದಾವುದೂ ಅವನ ನೆನಪಿನಲ್ಲಿ ನಿಲ್ಲದಾಯಿತು. ಬ್ರೆಂಡಾ ಮಿಲ್ನರ್ ಎಂಬ ವಿದುಷಿ ಅವನಿಗೊಂದು ಕೆಲಸ ಕೊಟ್ಟರು: ತನ್ನ ಕೈಯನ್ನು ಕನ್ನಡಿಯಲ್ಲಿ ಮಾತ್ರ ನೋಡುತ್ತ, ನಕ್ಷತ್ರದ ಚಿತ್ರದ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಮೂರು ದಿನಗಳಲ್ಲಿ ಅವನ ಕೈ ಚೆನ್ನಾಗಿ ಪಳಗಿತು. ಆದರೆ ಹಿಂದೆ ಆ ಕೆಲಸ ಮಾಡಿದ್ದೇ ಅವನಿಗೆ ನೆನಪಿರಲಿಲ್ಲ! ಸರ್ವೀಸ್ ಮಾಡುವ ಕ್ರಮವನ್ನು ಅಚ್ಚುಕಟ್ಟಾಗಿ ವರ್ಣಿಸಬಲ್ಲವನ ಕೈಗೆ ಅದು ಬಂದಿರಬೇಕೆಂದಿಲ್ಲ. ಕೈಗೆ ಬಂದವನು ಅದನ್ನು ವರ್ಣಿಸಲಾರದೆ ಇರಬಹುದು.

ಇನ್ನು ಕೈ ಪಳಗುವುದೆಂದರೆ ಏನು? ಒಂದೇ ಚಲನೆಯನ್ನು ಅಚ್ಚು ಹಾಕಿದಂತೆ ಮತ್ತೆ ಮತ್ತೆ ಮಾಡುವುದೆಂದು ನಾನು ತಿಳಿದಿದ್ದೆ. ಕುಲುಮೆಯ ಮುಂದೆ ನಿಂತು ಕಮ್ಮಾರನ ಸುತ್ತಿಗೆಯನ್ನು ನೋಡಿದವರೆಲ್ಲರಿಗೂ ಹಾಗೆಯೇ ತೋರುತ್ತದೆ. 1920ರ ದಶಕದಲ್ಲಿ ಮಾಸ್ಕೋದ ವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೀನ್, ಉಳಿಯ ತಲೆಗೆ ಸುತ್ತಿಗೆಯಿಂದ ಹೊಡೆಯುವ ನುರಿತ ಕೆಲಸಗಾರರ ಕೀಲುಗಳಿಗೆ ಸಣ್ಣ ದೀಪಗಳನ್ನು ಕಟ್ಟಿ ಅವರ ಚಲನೆಯ ಛಾಯಾಚಿತ್ರಗಳನ್ನು ತೆಗೆದರು. ಏಟು ಬೀಳುವ ಜಾಗ ಹೆಚ್ಚುಕಡಿಮೆ ಒಂದೇ ಆಗಿತ್ತು. ಭುಜ, ಮೊಣಕೈ, ಮಣಿಕಟ್ಟುಗಳು ಹಿಡಿದ ದಾರಿ ಮಾತ್ರ ಪ್ರತಿ ಏಟಿಗೂ ಬೇರೆಯಾಗಿತ್ತು. ಭುಜ ಕೊಂಚ ಹೆಚ್ಚು ತಿರುಗಿದರೆ ಮಣಿಕಟ್ಟು ಅದನ್ನು ಸರಿದೂಗಿಸುತ್ತದೆ. ಹೊಸಬನಿಗೆ ಇಷ್ಟೊಂದು ಕೀಲುಗಳನ್ನು ಒಟ್ಟಿಗೆ ಆಳಲು ಬರುವುದಿಲ್ಲ. ಆದುದರಿಂದಲೇ ಅವನು ಕೆಲವನ್ನು ಬಿಗಿದು, ತೋಳನ್ನು ಒನಕೆಯಂತೆ ಮಾಡಿಕೊಳ್ಳುತ್ತಾನೆ. ನಮ್ಮಲ್ಲಿ ಇದನ್ನು ನೋಡಿ ನಗುವುದುಂಟು. ಅದು ಕಲಿಕೆಯ ಮೊದಲ ಮೆಟ್ಟಲೆಂದು ತಿಳಿದವರು ನಗಲಾರರು. ಬರ್ನ್‌ಸ್ಟೀನರ ಪ್ರಕಾರ ಅಭ್ಯಾಸವೆಂದರೆ ಹಳೆಯ ಉತ್ತರವನ್ನು ಒಪ್ಪಿಸುವುದಲ್ಲ, ಅದೇ ಲೆಕ್ಕವನ್ನು ಪ್ರತಿ ಸಲವೂ ಹೊಸದಾಗಿ ಬಿಡಿಸುವುದು.

ಈಗ ನನ್ನ ಕಥೆ. ಕಳೆದ ವರ್ಷ ಒಂದು ತಿಂಗಳು ಅಂಕಣದ ಬಲ ಮೂಲೆಯಲ್ಲಿ ನಿಂತು ಉದ್ದನೆಯ ಸರ್ವೀಸನ್ನೇ ದಿನಕ್ಕೆ ಐವತ್ತು ಸಲ ಹೊಡೆದೆ. ಕೊನೆಕೊನೆಗೆ ಹತ್ತರಲ್ಲಿ ಎಂಟು ಹಿಂದಿನ ಗೆರೆಯ ಬಳಿ ಬೀಳುತ್ತಿದ್ದುವು, ಎದೆಯುಬ್ಬಿತು. ಅಂತರ ಕಾಲೇಜು ಪಂದ್ಯದಲ್ಲಿ ಒಮ್ಮೆ ಉದ್ದ, ಒಮ್ಮೆ ಗಿಡ್ಡ, ಒಮ್ಮೆ ಎಡಗಡೆಯಿಂದ ಹೊಡೆಯಬೇಕಾಗಿ ಬಂದಾಗ ಕೈ ನನ್ನದಲ್ಲವೆನ್ನಿಸಿತು. ಮೂರು ಸರ್ವೀಸು ನೆಟ್ಟಿಗೆ ಬಿದ್ದುವು. ರಕ್ತದ ಮಾತನ್ನು ಅಂದು ನಾನೂ ನಂಬಿದೆ.

ಆಮೇಲೆ ಓದಿದ ಒಂದು ಪ್ರಯೋಗ ನನ್ನ ಕಣ್ಣು ತೆರೆಸಿತು. 1986ರಲ್ಲಿ ಗೂಡ್ ಮತ್ತು ಮ್ಯಾಗಿಲ್ ಎಂಬ ಸಂಶೋಧಕರು, ಬ್ಯಾಡ್ಮಿಂಟನ್ ಆಡಿ ಅಭ್ಯಾಸವಿಲ್ಲದ ಕಾಲೇಜು ವಿದ್ಯಾರ್ಥಿನಿಯರಿಗೆ ಮೂರು ಬಗೆಯ ಸರ್ವೀಸುಗಳನ್ನು ಮೂರು ವಾರ ಕಲಿಸಿದರು. (ವಾರಕ್ಕೆ ಎರಡೇ ಸಂಜೆ ಅಂಕಣ ಸಿಗುವ ನಮ್ಮ ಸಹೋದರಿಯರು ಇದನ್ನು ಗಮನಿಸಬೇಕು.) ಒಂದು ಗುಂಪಿನವರು ಒಂದೊಂದು ದಿನ ಒಂದೊಂದೇ ಬಗೆಯನ್ನು ಅಭ್ಯಾಸಮಾಡಿದರು, ಇನ್ನೊಂದು ಗುಂಪಿನವರು ಮೂರನ್ನೂ ಕಲಸಿ, ಮುಂದಿನದು ಯಾವುದೆಂಬ ಕ್ರಮವಿಲ್ಲದೆ ಹೊಡೆದರು. ಬಳಿಕ ಪರೀಕ್ಷಿಸಿದಾಗ, ಅದರಲ್ಲೂ ಅಭ್ಯಾಸವೇ ಇರದ ಎಡಗಡೆಯ ಅಂಕಣದಿಂದ ಹೊಡೆಸಿದಾಗ, ಕಲಸಿ ಕಲಿತವರದೇ ಮೇಲುಗೈ. ಇದಕ್ಕೂ ಮೊದಲು, 1978ರಲ್ಲಿ, ಕೆರ್ ಮತ್ತು ಬೂತ್ ಎಂಬುವರು ಮಕ್ಕಳಿಂದ ಗುರಿಗೆ ಚೀಲ ಎಸೆಸಿದ್ದರು. ಎರಡು ಹಾಗೂ ನಾಲ್ಕು ಅಡಿ ದೂರದಿಂದ ಎಸೆದು ಕಲಿತ ಎಂಟು ವರ್ಷದ ಮಕ್ಕಳು, ಮೂರು ಅಡಿಯ ಪರೀಕ್ಷೆಯಲ್ಲಿ, ಮೂರು ಅಡಿಯಿಂದಲೇ ಎಸೆದು ಕಲಿತವರನ್ನು ಮೀರಿಸಿದರು!

ಕಲಸಿ ಅಭ್ಯಾಸಮಾಡುವಾಗ ಆ ಹೊತ್ತಿಗೆ ತಪ್ಪು ಹೆಚ್ಚು. ನೋಡುವವರಿಗೆ ಇವನು ದಡ್ಡನೆಂದೇ ತೋರುತ್ತದೆ. ಪ್ರತಿ ಸಲ ಹೊಸದಾಗಿ ಲೆಕ್ಕ ಬಿಡಿಸುವ ಆ ಶ್ರಮವೇ ಉಳಿಯುವ ಕಲಿಕೆ. ರ‍್ಯಾಕೆಟ್ಟು ಹಿಡಿಯುವುದೇ ತಿಳಿಯದವನಿಗೆ ಮೊದಲ ಕೆಲವು ದಿನ ಒಂದನ್ನೇ ಕಲಿಸುವುದು ಲೇಸು ಎಂಬುದನ್ನೂ ಮರೆಯಬಾರದು. ಆಸ್ಟ್ರೇಲಿಯದ ಬೌರಲ್ ಊರಿನಲ್ಲಿ ಬಾಲಕ ಬ್ರಾಡ್ಮನ್, ನೀರಿನ ತೊಟ್ಟಿಯ ಇಟ್ಟಿಗೆಯ ಬುಡಕ್ಕೆ ಗಾಲ್ಫ್ ಚೆಂಡನ್ನು ಎಸೆದು, ಅದು ಹೇಗೆ ಹೇಗೋ ಪುಟಿದು ಬಂದಾಗ ವಿಕೆಟ್ ಕೋಲಿನಿಂದ ಹೊಡೆಯುತ್ತಿದ್ದ. ಎರಡು ಚೆಂಡು ಒಂದೇ ಬಗೆಯಾಗಿ ಬರುವಂತಿರಲಿಲ್ಲ. ಯಾರೂ ಹೇಳಿಕೊಡದೆ ಅವನಿಗೆ ಒಳ್ಳೆಯ ಅಭ್ಯಾಸವೇ ದೊರಕಿತು.

ಹಾಗಾದರೆ ರಕ್ತಕ್ಕೆ ಬೆಲೆಯೇ ಇಲ್ಲವೆ? ಎತ್ತರ, ಮೈಕಟ್ಟು ತಾಯಿತಂದೆಗಳಿಂದ ಬರುವುದು ದಿಟ. 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದ ನಮ್ಮ ಪ್ರಕಾಶ್ ಪಡುಕೋಣೆಯವರ ತಂದೆಯೂ ಬ್ಯಾಡ್ಮಿಂಟನ್ ಸಂಘದ ಕಾರ್ಯಕರ್ತರಾಗಿದ್ದರು. ಆದರೆ ಮಗನಿಗೆ ಅವರಿಂದ ಸಿಕ್ಕಿದ್ದು ರಕ್ತಕ್ಕಿಂತ ಹೆಚ್ಚಾಗಿ ಚಿಕ್ಕಂದಿನಲ್ಲೇ ಕೈಗೆ ಬಂದ ರ‍್ಯಾಕೆಟ್ಟು ಎಂದು ನನ್ನ ಎಣಿಕೆ. ಅವರು ಕಲಿತದ್ದು ಬೆಂಗಳೂರಿನ ಒಂದು ಮದುವೆಯ ಸಭಾಂಗಣದಲ್ಲಿ, ಸಮಾರಂಭವಿಲ್ಲದ ದಿನಗಳಲ್ಲಿ.

ಗುರುಗಳಲ್ಲಿ ಒಂದು ಬಿನ್ನಹವಿದೆ. ನಮ್ಮಲ್ಲಿ ತಂಡದ ಆಯ್ಕೆ ನಡೆಯುವುದು ಕಾಲೇಜು ತೆರೆದ ಮೊದಲ ವಾರಗಳಲ್ಲಿ. ಆಗ ಕಾಣುವುದು ಯಾರು ಮೊದಲೇ ಆಡಿದ್ದರು ಎಂಬುದು ಮಾತ್ರ. ಯಾರು ಕಲಿಯುತ್ತಾರೆ ಎಂಬುದು ಕಾಣುವುದಿಲ್ಲ. ಎಲ್ಲರಿಗೂ ಆರು ವಾರ ಅಂಕಣ ಬಿಟ್ಟುಕೊಟ್ಟು, ಕೆಲವು ದಿನ ಅಭ್ಯಾಸ ನಿಲ್ಲಿಸಿ, ಆಮೇಲೆ ಆಯ್ಕೆ ಮಾಡಿದರೆ ಆಗದೆ?

ಅಲ್ಲಿಯವರೆಗೆ ನಾವು ಐವರು ಬಸ್ಸು ಬರುವ ಮುಂಚಿನ ಮುಕ್ಕಾಲು ಗಂಟೆಯಲ್ಲಿ ಒಂದು ಉಪಾಯ ಹೂಡಿದ್ದೇವೆ. ‘ಉದ್ದ’, ‘ಗಿಡ್ಡ’, ‘ನೇರ’ ಎಂದು ಬರೆದ ಚೀಟಿಗಳನ್ನು ಒಬ್ಬನ ಟೋಪಿಯಲ್ಲಿ ಹಾಕಿ, ಎತ್ತಿದ ಚೀಟಿಯಂತೆ ಸರ್ವೀಸ್ ಮಾಡುತ್ತೇವೆ; ಬಲಗಡೆಯಿಂದ ಒಂದು, ಎಡಗಡೆಯಿಂದ ಒಂದು. ನನ್ನದು ಈಗಲೂ ನೆಟ್ಟಿಗೆ ಬೀಳುವುದುಂಟು. ಆದರೆ ದಸರೆಯ ರಜ ಮುಗಿಸಿಕೊಂಡು ಬಂದ ಮೊದಲ ಸಂಜೆ, ಮೊದಲ ಹತ್ತರಲ್ಲಿ ಏಳು ಗೆರೆಯೊಳಗೆ ಬಿದ್ದುವು.