ಒಮ್ಮೆ ಎದುರು ಪಾತ್ರಕ್ಕೂ ಕೂತು ನೋಡಿ

ವಾದ ಮಾಡಿ ಮಕ್ಕಳೇ, ಚೆನ್ನಾಗಿ ಮಾಡಿ. ಕರ್ನಾಟಕ ತಂಡ ಕಂಡ ಅತಿ ದೊಡ್ಡ ಆಟಗಾರ ಯಾರು ಅನ್ನುವ ಮಾತು ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಶುರುವಾಗಿ ಹೊಸನಗರ ಮುಟ್ಟಿದರೂ ಮುಗಿಯದಿದ್ದರೆ ಅದರಲ್ಲಿ ತಪ್ಪೇನಿಲ್ಲ. ಆಟವನ್ನು ಇಷ್ಟಪಡುವವರು ಬಾಯಿ ಮುಚ್ಚಿಕೊಂಡು ಕೂರಬೇಕು ಅಂತ ನಾನು ಹೇಳುವವಳಲ್ಲ. ಆದರೆ ಹಬ್ಬಕ್ಕೆ ಬಂದವರು ದ್ರಾವಿಡ್ ಪಕ್ಷ, ಕುಂಬ್ಳೆ ಪಕ್ಷ ಅಂತ ಎರಡಾಗಿ ಊಟದ ಪಂಕ್ತಿಯಲ್ಲೂ ದೂರ ದೂರ ಕೂತಿರಿ ನೋಡಿ, ಅದು ಮನಸ್ಸಿಗೆ ಹತ್ತಿತು. 13,288 ಟೆಸ್ಟ್ ರನ್ ಅಂತ ಒಬ್ಬ, 619 ಟೆಸ್ಟ್ ವಿಕೆಟ್ ಅಂತ ಇನ್ನೊಬ್ಬ. ಒಂದು ಗಂಟೆ ಕಳೆದರೂ ಆ ಎರಡು ಅಂಕಿ ಬಿಟ್ಟು ಬೇರೇನೂ ಯಾರ ಬಾಯಿಂದಲೂ ಬರಲಿಲ್ಲ. ಅಡಿಕೆ ಸುಲಿಯುತ್ತ ರೇಡಿಯೋದಲ್ಲಿ ಕಾಮೆಂಟರಿ ಕೇಳಿ ಬೆಳೆದ ದೊಡ್ಡಮ್ಮ ನಾನು. ನನಗೆ ತಿಳಿದದ್ದನ್ನು ಹೇಳುತ್ತೇನೆ, ಕಿವಿಗೆ ಹಾಕಿಕೊಳ್ಳಿ.

ಮೊದಲು ಪ್ರಶ್ನೆಯನ್ನೇ ಸರಿಯಾಗಿ ಹಿಡಿಯಿರಿ. ಭಾರತಕ್ಕೆ ಆಡಿದ ಕನ್ನಡಿಗರಲ್ಲಿ ದೊಡ್ಡವರು ಯಾರು ಅನ್ನುವುದು ಒಂದು ಪ್ರಶ್ನೆ. ಕರ್ನಾಟಕ ತಂಡಕ್ಕೆ ಆಡಿದವರಲ್ಲಿ ದೊಡ್ಡವರು ಯಾರು ಅನ್ನುವುದು ಬೇರೆಯೇ ಪ್ರಶ್ನೆ. ನೀವು ಎರಡನೆಯದನ್ನು ಕೇಳಿಕೊಂಡು ಮೊದಲನೆಯದಕ್ಕೆ ಉತ್ತರ ಕೊಡುತ್ತೀರಿ. ದ್ರಾವಿಡ್, ಕುಂಬ್ಳೆ ಇಬ್ಬರೂ ಭಾರತ ತಂಡದಲ್ಲಿ ನೆಲೆಯಾದ ಮೇಲೆ ರಣಜಿ ಆಟಕ್ಕೆ ಸಿಕ್ಕಿದ್ದು ಅಪರೂಪ. ಅದು ಅವರ ಕೊರತೆಯಲ್ಲ, ಅವರ ಕಾಲದ ಕ್ರಿಕೆಟ್ ಇದ್ದದ್ದೇ ಹಾಗೆ. ಆದರೆ ಕರ್ನಾಟಕ ತಂಡ ಅಂದಕೂಡಲೇ ಕಣ್ಣ ಮುಂದೆ ಬರಬೇಕಾದವರು ಇನ್ನೂ ಹಲವರಿದ್ದಾರೆ. ಅವರ ಹೆಸರು ನಿಮ್ಮ ಬಾಯಲ್ಲಿ ಒಮ್ಮೆಯೂ ಬರಲಿಲ್ಲ.

ಕೇಳಿ. 1958-59ರಿಂದ 1972-73ರವರೆಗೆ 15 ವರ್ಷ ರಣಜಿ ಟ್ರೋಫಿ ಬೊಂಬಾಯಿಯಿಂದ ಆಚೆ ಹೋಗಿರಲಿಲ್ಲ. 1973ರ ನವೆಂಬರಿನಲ್ಲಿ ನಮ್ಮ ರಾಜ್ಯದ ಹೆಸರು ಕರ್ನಾಟಕ ಆಯಿತು. ಅದೇ ಋತುವಿನ ಸೆಮಿಫೈನಲಿನಲ್ಲಿ, ಬೆಂಗಳೂರಿನಲ್ಲಿ, ಬೊಂಬಾಯಿಯ ಆ ಓಟ ನಿಂತಿತು. ವಿಶ್ವನಾಥ್ 162 ಹೊಡೆದರು, ಬ್ರಿಜೇಶ್ ಪಟೇಲ್ 106. ನಾಯಕ ಎರಪಳ್ಳಿ ಪ್ರಸನ್ನ. ಗವಾಸ್ಕರ್ ಅವರನ್ನು ಬೌಲ್ಡ್ ಮಾಡಿದವರೂ ಅವರೇ. ಮೊದಲ ಇನ್ನಿಂಗ್ಸಿನ ಮುನ್ನಡೆಯ ಮೇಲೆ ಫೈನಲಿಗೆ ಹೋಗಿ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ, ಮೊದಲ ಸಲ ಟ್ರೋಫಿ ಈ ಕಡೆ ಬಂತು. 1977-78ರಲ್ಲಿ ಎರಡನೆಯ ಸಲ ಗೆದ್ದಾಗಲೂ ನಾಯಕರು ಪ್ರಸನ್ನ. ಉತ್ತರ ಪ್ರದೇಶದ ವಿರುದ್ಧದ ಆ ಫೈನಲಿನಲ್ಲಿ ವಿಶ್ವನಾಥ್ 247 ಹೊಡೆದರು.

ಆ ತಂಡದಲ್ಲಿ ಬಿ. ವಿಜಯಕೃಷ್ಣ ಅಂತ ಒಬ್ಬರಿದ್ದರು. ಎಡಗೈ ಸ್ಪಿನ್ನರ್, ಬ್ಯಾಟನ್ನೂ ಬೀಸುವವರು. ಪ್ರಸನ್ನ, ಚಂದ್ರಶೇಖರ್ ಇರುವ ತಂಡದಲ್ಲಿ ಮೂರನೆಯ ಸ್ಪಿನ್ನರ್ ಆಗಿ ಜಾಗ ಹಿಡಿದುಕೊಳ್ಳುವುದು ಎಂಥ ಕೆಲಸ ಅಂತ ಯೋಚಿಸಿ. ಭಾರತಕ್ಕೆ ಒಂದು ಟೆಸ್ಟನ್ನೂ ಆಡಲಿಲ್ಲ ಅವರು. ಹಾಗಾಗಿ ನಿಮ್ಮ ಫೋನಿನ ಪಟ್ಟಿಗಳಲ್ಲಿ ಅವರು ಸಿಗುವುದೂ ಕಷ್ಟ. ಎರಡೇ ಟೆಸ್ಟ್ ಆಡಿದ ರಘುರಾಮ ಭಟ್ಟರದ್ದೂ ಹೆಚ್ಚುಕಡಿಮೆ ಇಂಥದೇ ಕತೆ. 1981-82ರ ಸೆಮಿಫೈನಲಿನಲ್ಲಿ ಅವರ ಸ್ಪಿನ್ ಎದುರಿಸಲಿಕ್ಕೆ ಗವಾಸ್ಕರ್, ಬಲಗೈಯ ಗವಾಸ್ಕರ್, ಎಡಗೈಯಲ್ಲಿ ಬ್ಯಾಟ್ ಹಿಡಿದು ನಿಂತರು! ಜಗತ್ತಿನ ವೇಗದ ಬೌಲರುಗಳಿಗೆಲ್ಲ ಹೆಲ್ಮೆಟ್ಟಿಲ್ಲದೆ ಎದೆಯೊಡ್ಡಿದ ಮನುಷ್ಯ, ನಮ್ಮ ಭಟ್ಟರೆದುರು ನಿಲ್ಲುವ ರೀತಿಯನ್ನೇ ಬದಲಿಸಿಕೊಳ್ಳಬೇಕಾಯಿತು. ಇಂಥ ಒಂದು ಗೌರವ ಎಷ್ಟು ಬೌಲರುಗಳಿಗೆ ಸಿಕ್ಕಿದೆ ಹೇಳಿ. ಆ ಸಲ ಫೈನಲಿನಲ್ಲಿ ಕರ್ನಾಟಕ 705 ಹೊಡೆಯಿತು, ದಿಲ್ಲಿ 8 ವಿಕೆಟಿಗೆ 707 ಹೊಡೆದು ಟ್ರೋಫಿ ಒಯ್ದಿತು. ಇಂಥ ಸೋಲುಗಳೂ ತಂಡದ ಚರಿತ್ರೆಯೇ. 2010ರ ಜನವರಿಯಲ್ಲಿ ಮೈಸೂರಿನಲ್ಲಿ ಮುಂಬೈ ಎದುರು ಬರೀ 6 ರನ್ನಿಗೆ ಸೋತದ್ದು ನಿಮ್ಮಲ್ಲಿ ದೊಡ್ಡವರಿಗೆ ನೆನಪಿರಬಹುದು.

ಅಂಕಿಯ ಮಾತಿಗೆ ಬರೋಣ. ಅಂಕಿ ಬೇಡ ಅನ್ನುವುದಿಲ್ಲ. ಆದರೆ ಅದರ ಹಿಂದೆ ಏನಿದೆ ಅಂತ ಕೆದಕದೆ ಬಳಸಬೇಡಿ.

1975ರ ಜನವರಿ. ನಮ್ಮನೆ ಅಂಗಳದ ಚಪ್ಪರದಡಿ ಕೊನೆ ರಾಶಿ ಬಿದ್ದಿತ್ತು. ನಾವೆಲ್ಲ ಸಾಲಾಗಿ ಮೆಟ್ಟುಗತ್ತಿಯ ಮುಂದೆ. ಹಸಿ ಅಡಿಕೆಯ ಕಲೆ ಹತ್ತಿ ಬೆರಳೆಲ್ಲ ಕಪ್ಪಾಗಿತ್ತು. ಕಂಬಕ್ಕೆ ನೇತುಹಾಕಿದ ರೇಡಿಯೋ ಮುಟ್ಟಲು ನಮಗ್ಯಾರಿಗೂ ಅಪ್ಪಣೆಯಿಲ್ಲ, ಅಣ್ಣಯ್ಯ ಒಬ್ಬನೇ ಕೈ ತೊಳೆದುಕೊಂಡು ತಿರುಗಿಸುತ್ತಿದ್ದ. ಮದರಾಸಿನಲ್ಲಿ ವೆಸ್ಟ್ ಇಂಡೀಸ್ ಎದುರು ಟೆಸ್ಟ್. ಆಂಡಿ ರಾಬರ್ಟ್ಸ್ ಒಬ್ಬರನ್ನಾದ ಮೇಲೆ ಒಬ್ಬರನ್ನು ಕೆಡವುತ್ತಿದ್ದಾರೆ, ವಿಶ್ವನಾಥ್ ಮಾತ್ರ ನಿಂತಿದ್ದಾರೆ. ಕಡೆಗೆ ಅವರ ಜೊತೆ ಉಳಿದವರು ಚಂದ್ರಶೇಖರ್. ಇಬ್ಬರೂ ನಮ್ಮವರು! ಆ ಹೊತ್ತಿನಲ್ಲಿ ಚಪ್ಪರದಡಿ ಒಂದು ಅಡಿಕೆಯನ್ನೂ ಯಾರೂ ಸುಲಿಯಲಿಲ್ಲ. ಚಂದ್ರಶೇಖರ್ ಔಟಾದರು, ಭಾರತ 190ಕ್ಕೆ ಆಲೌಟ್, ವಿಶ್ವನಾಥ್ 97 ಅಜೇಯ. ರಾಬರ್ಟ್ಸ್‌ಗೆ 7 ವಿಕೆಟ್. ಆ ಟೆಸ್ಟನ್ನು ಗೆದ್ದದ್ದು ಭಾರತ. ಈಗ ನೀವು ಶತಕದ ಪಟ್ಟಿ ತೆಗೆದರೆ ಅದರಲ್ಲಿ ವಿಶ್ವನಾಥರ ಹೆಸರಿನ ಮುಂದೆ 14 ಇರುತ್ತದೆ. ಆ 97 ಅದರೊಳಗೆ ಇಲ್ಲ.

ಪ್ರಸನ್ನರ ಲೆಕ್ಕ ನೋಡಿ: 49 ಟೆಸ್ಟ್, 189 ವಿಕೆಟ್. ಇದು ಕಡಿಮೆಯಾಯಿತಲ್ಲ ದೊಡ್ಡಮ್ಮ ಅನ್ನುತ್ತೀರಿ. 1962ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದ ಹುಡುಗ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದು ಮುಗಿಸಲು ಹೋದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಹೆಚ್ಚುಕಡಿಮೆ ಐದು ವರ್ಷ ಕೈಬಿಟ್ಟುಹೋಯಿತು. ಬಂದ ಮೇಲೆ ಎಂಥ ಆಟ! 100 ವಿಕೆಟ್ ಪೂರೈಸಲು ಅವರಿಗೆ ಒಟ್ಟು 20 ಟೆಸ್ಟ್ ಸಾಕಾಯಿತು.

ಇನ್ನು ಚಂದ್ರಶೇಖರ್. ಚಿಕ್ಕಂದಿನಲ್ಲಿ ಪೋಲಿಯೋ ಬಡಿದು ಬಲಗೈ ಸೊರಗಿತ್ತು. ಫೀಲ್ಡಿಂಗ್‌ನಲ್ಲಿ ಚೆಂಡು ಎಸೆಯುತ್ತಿದ್ದದ್ದು ಎಡಗೈಯಿಂದ. ಆ ಸೊರಗಿದ ಕೈಯಿಂದಲೇ ಬೌಲಿಂಗ್ ಮಾಡಿ 1971ರಲ್ಲಿ ಓವಲಿನಲ್ಲಿ 38 ರನ್ನಿಗೆ 6 ವಿಕೆಟ್ ತೆಗೆದರು. ಇಂಗ್ಲೆಂಡ್ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು ಅದು. ಆಸ್ಟ್ರೇಲಿಯಾ ನೆಲದ ಮೊದಲ ಗೆಲುವೂ ಅವರ ಕೈಯಿಂದಲೇ ಬಂತು: ಮೆಲ್ಬರ್ನಿನಲ್ಲಿ ಎರಡೂ ಇನ್ನಿಂಗ್ಸಿನಲ್ಲಿ 52ಕ್ಕೆ 6, 52ಕ್ಕೆ 6. ಅವರ ಟೆಸ್ಟ್ ವಿಕೆಟ್ 242, ಟೆಸ್ಟ್ ರನ್ 167. ನಿಮ್ಮಲ್ಲಿ ಒಬ್ಬ ಹಿಂದೊಮ್ಮೆ ಈ ರನ್ನಿನ ಲೆಕ್ಕ ಓದಿ ನಕ್ಕಿದ್ದ. ಅವನು ಆ ಕೈಯ ಕತೆಯನ್ನು ಮೊದಲು ಓದಬೇಕಿತ್ತು.

ವಿಶ್ವನಾಥ್ ನಮ್ಮ ಜಿಲ್ಲೆಯವರು ಅನ್ನುವ ಅಭಿಮಾನ ನಿಮಗಿದೆ, ನನಗೂ ಇದೆ. ಹುಟ್ಟಿದ್ದು ಭದ್ರಾವತಿಯಲ್ಲಿ, 1949ರಲ್ಲಿ. 1967ರಲ್ಲಿ ಆಂಧ್ರದ ವಿರುದ್ಧ ಆಡಿದ ಮೊದಲ ರಣಜಿ ಪಂದ್ಯದಲ್ಲೇ 230. ಕಾನ್ಪುರದ ಮೊದಲ ಟೆಸ್ಟಿನಲ್ಲಿ ಮೊದಲ ಇನ್ನಿಂಗ್ಸ್ ಸೊನ್ನೆ, ಎರಡನೆಯದು 137. ಇಷ್ಟೆಲ್ಲ ಇದ್ದೂ ನಾನು ಅವರನ್ನು ಹೆಚ್ಚು ನೆನೆಸುವುದು ಭಾರತ ಸೋತ ಒಂದು ಟೆಸ್ಟಿಗಾಗಿ. 1980ರ ಫೆಬ್ರವರಿ, ಬೊಂಬಾಯಿ, ನಾಯಕ ವಿಶ್ವನಾಥ್. ಇಂಗ್ಲೆಂಡಿನ ಬಾಬ್ ಟೇಲರ್ ಔಟ್ ಅಂತ ಅಂಪೈರ್ ಬೆರಳೆತ್ತಿದರು. ಬ್ಯಾಟಿಗೆ ಚೆಂಡು ತಾಗಿಲ್ಲ ಅಂತ ವಿಶ್ವನಾಥರಿಗೆ ಅನ್ನಿಸಿತು. ಹೋಗುತ್ತಿದ್ದವರನ್ನು ವಾಪಸು ಕರೆಸಿದರು. ಟೇಲರ್ ಮತ್ತು ಬಾಥಮ್ ಸೇರಿ 171 ರನ್ ಸೇರಿಸಿದರು, ಭಾರತ 10 ವಿಕೆಟಿನಿಂದ ಸೋತಿತು. ಹೀಗೆ ಮಾಡಿದ್ದು ಸರಿಯೇ ಅಂತ ನೀವು ವಾದ ಹೂಡಬಹುದು. ನನ್ನ ಮಟ್ಟಿಗೆ ಅದು ಸರಿ, ಮತ್ತು ಆಟಗಾರನ ದೊಡ್ಡತನ ಅಳೆಯುವಾಗ ಅದೂ ತಕ್ಕಡಿಗೆ ಬೀಳಬೇಕು. 2002ರಲ್ಲಿ ಆಂಟಿಗಾದಲ್ಲಿ ಒಡೆದ ದವಡೆಗೆ ಪಟ್ಟಿ ಸುತ್ತಿಕೊಂಡು ಬಂದು 14 ಓವರ್ ಎಸೆದು ಲಾರಾ ವಿಕೆಟ್ ತೆಗೆದ ಕುಂಬ್ಳೆ, ದಿಲ್ಲಿಯಲ್ಲಿ ಅದೇ ಕುಂಬ್ಳೆಗೆ ಇನ್ನಿಂಗ್ಸಿನ ಹತ್ತನೆಯ ವಿಕೆಟ್ಟೂ ಸಿಗಲಿ ಅಂತ ಬೇಕೆಂದೇ ಆಚೆ ಆಚೆ ಚೆಂಡು ಹಾಕಿದ ಶ್ರೀನಾಥ್: ಇವೆಲ್ಲ ಯಾವ ಕಾಲಮ್ಮಿನಲ್ಲಿ ಬರೆಯುತ್ತೀರಿ?

ಹಾಗಾದರೆ ವಾದ ಹೇಗೆ ಮಾಡಬೇಕು? ಅದನ್ನು ಕಲಿಯಲು ನಮ್ಮ ಸೀಮೆಯವರು ದೂರ ಹೋಗಬೇಕಿಲ್ಲ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಊರೂರಲ್ಲಿ ತಾಳಮದ್ದಳೆ ನಡೆಯುತ್ತದಲ್ಲ, ಅಲ್ಲಿ ಕೂತು ಕೇಳಿ. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕೂತು ಪ್ರಶ್ನೆ ಎತ್ತಿದರೆ ಎದುರಿನ ರಾಮ ಬೆವರಬೇಕಿತ್ತು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾಕೆ ಅಂತ ವಾಲಿ ಕೇಳುವಾಗ, ಸಾಕ್ಷಾತ್ ರಾಮನೇ ಎದುರಿದ್ದರೂ ಸಭೆಗೆ ವಾಲಿಯ ಮಾತೇ ಸರಿ ಅನ್ನಿಸುವುದುಂಟು. ಒಳ್ಳೆಯ ಅರ್ಥಧಾರಿ ಇವತ್ತು ವಾಲಿ, ನಾಳೆ ಇನ್ನೊಂದು ಊರಲ್ಲಿ ರಾಮ. ಎರಡೂ ಪಾತ್ರದ ಒಳಹೊರಗು ಗೊತ್ತಿರುವುದರಿಂದಲೇ ಅವರ ಮಾತಿಗೆ ಆ ತೂಕ. ಎದುರಿನವರು ಸೋಲಲಿ ಅನ್ನುವ ಹಟವೂ ಅಲ್ಲಿ ಮಿತಿಯಲ್ಲಿರುತ್ತದೆ, ಎದುರಾಳಿ ಸೊರಗಿದರೆ ಪ್ರಸಂಗವೇ ಸೊರಗುತ್ತದೆ. ರಾತ್ರಿಯೆಲ್ಲ ಹಾಗೆ ಜಟಾಪಟಿ ಮಾಡಿದವರು ಬೆಳಗ್ಗೆ ಒಂದೇ ಜೀಪಿನಲ್ಲಿ ಕೂತು ಹೋಗುವುದನ್ನು ನಾನು ಕಂಡಿದ್ದೇನೆ.

ನೀವೂ ಹಾಗೇ ಮಾಡಿ. ಕೊನೆಕೊಯ್ಲಿಗೆ ಬಂದಾಗ ದ್ರಾವಿಡ್ ಪಕ್ಷದವನು ಕುಂಬ್ಳೆ ಪರ ಮಾತಾಡಲಿ. ಕುಂಬ್ಳೆ ಪಕ್ಷದವನು ದ್ರಾವಿಡರ ಅಡಿಲೇಡಿನ 233ನ್ನೂ ಕೋಲ್ಕತ್ತದ 180ನ್ನೂ ಓದಿಕೊಂಡು ಬರಲಿ. ಕೋಲ್ಕತ್ತದಲ್ಲಿ ಲಕ್ಷ್ಮಣರ 281ರ ಎದುರು ಆ 180 ಹೇಗೆ ಮಸುಕಾಯಿತು, ಆ 180 ಇಲ್ಲದಿದ್ದರೆ 376 ರನ್ನಿನ ಆ ಜೊತೆಯಾಟ ಎಲ್ಲಿರುತ್ತಿತ್ತು, ಎಲ್ಲ ಹೇಳಲಿ. ತಿಳಿಯದವನ ವಿರುದ್ಧ ವಾದಿಸುವುದು ಸುಲಭ. ತಿಳಿದುಕೊಂಡ ಮೇಲೂ ನಿಮ್ಮ ಆಯ್ಕೆ ಬದಲಾಗದಿದ್ದರೆ ಆಗ ಅದು ನಿಜವಾಗಿ ನಿಮ್ಮ ಆಯ್ಕೆ. ಅಮೆರಿಕದಲ್ಲಿರುವ ನಿಮ್ಮ ಅಕ್ಕನ ಮಕ್ಕಳನ್ನೂ ಫೋನಿನಲ್ಲಿ ಸೇರಿಸಿಕೊಳ್ಳಿ. ಅಲ್ಲಿ ನ್ಯೂಯಾರ್ಕಿನ ಯಾಂಕೀಸ್ ಅನ್ನುವ ಬೇಸ್‌ಬಾಲ್ ತಂಡಕ್ಕೆ ಬೇಬ್ ರೂತ್ ದೊಡ್ಡವನೋ, ಸತತ 2,130 ಪಂದ್ಯ ಆಡಿದ ಲೂ ಗೆರಿಗ್ ದೊಡ್ಡವನೋ ಅಂತ ತಲೆಮಾರುಗಳಿಂದ ಚರ್ಚೆಯಂತೆ. ಅವರಿಗೂ ನಮ್ಮ ಪ್ರಸನ್ನ ಯಾರು ಅಂತ ತಿಳಿಯಲಿ.

ನನ್ನ ತೀರ್ಪು ಕೇಳಿದಿರಿ. ಕರ್ನಾಟಕ ತಂಡಕ್ಕೆ ಅಂತ ಕೇಳಿದರೆ ನನ್ನ ಉತ್ತರ ಪ್ರಸನ್ನ. ಗೆಲ್ಲಬಹುದು ಅನ್ನುವುದನ್ನು ಈ ತಂಡಕ್ಕೆ ತೋರಿಸಿಕೊಟ್ಟವರು ಅವರು. 1973-74ರಿಂದ 2014-15ರವರೆಗೆ ಟ್ರೋಫಿ 8 ಸಲ ಬಂತು, ಬಾಗಿಲು ತೆಗೆದದ್ದು ಪ್ರಸನ್ನ. ಇದಕ್ಕೆ ಎದುರಾಗಿ ನಿಲ್ಲಬಲ್ಲ ಗಟ್ಟಿ ವಾದ ಒಂದಿದೆ, ಅದು ದ್ರಾವಿಡರದ್ದೂ ಅಲ್ಲ, ಕುಂಬ್ಳೆಯವರದ್ದೂ ಅಲ್ಲ. ದಾವಣಗೆರೆಯ ವಿನಯ್ ಕುಮಾರ್ ಅವರದ್ದು. ಭಾರತಕ್ಕೆ ಆಡಿದ್ದು ಒಂದೇ ಟೆಸ್ಟ್. ಆದರೆ ಪ್ರಥಮ ದರ್ಜೆಯಲ್ಲಿ 500ಕ್ಕೂ ಹೆಚ್ಚು ವಿಕೆಟ್, 2013-14 ಮತ್ತು 2014-15ರಲ್ಲಿ ಬೆನ್ನುಬೆನ್ನಿಗೆ ರಣಜಿ ಗೆದ್ದ ನಾಯಕ. ತಮಿಳುನಾಡಿನ ಎದುರಿನ ಫೈನಲಿನಲ್ಲಿ ಕರುಣ್ ನಾಯರ್ 328 ಹೊಡೆದದ್ದು ಎಲ್ಲರಿಗೂ ಗೊತ್ತು. ಅದೇ ಪಂದ್ಯದಲ್ಲಿ ನಾಯಕ 34ಕ್ಕೆ 5 ವಿಕೆಟ್ ತೆಗೆದು, 105 ರನ್ನೂ ಹೊಡೆದು ಅಜೇಯರಾಗಿ ಉಳಿದದ್ದು ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ? ಪ್ರಸನ್ನ ಅಂದ ನಾನು, ನಿಮಗೆ ಹೇಳಿದ ನಿಯಮದಂತೆ, ವಿನಯ್ ಪರ ಕೂತು ಮಾತಾಡಲು ತಯಾರಿದ್ದೇನೆ.

ಇನ್ನೊಂದು ಮಾತು. ಅಷ್ಟು ಹೊತ್ತು ವಾದ ಮಾಡಿದಿರಿ, ಒಬ್ಬ ಹೆಣ್ಣುಮಗಳ ಹೆಸರು ಬರಲಿಲ್ಲ. ನಿಮ್ಮ ತಂಗಿ ಅಲ್ಲೇ ಬಾಗಿಲ ಬಳಿ ನಿಂತು ಕೇಳುತ್ತಿದ್ದಳು. ನಮ್ಮ ಶಾಂತಾ ರಂಗಸ್ವಾಮಿ 1976ರಲ್ಲಿ ಭಾರತದ ಮಹಿಳಾ ತಂಡ ಮೊದಲ ಸಲ ಟೆಸ್ಟ್ ಆಡಿದಾಗ ಅದರ ನಾಯಕಿ. 1977ರಲ್ಲಿ ನ್ಯೂಜಿಲೆಂಡಿನಲ್ಲಿ 108 ಹೊಡೆದರು, ಟೆಸ್ಟಿನಲ್ಲಿ ಶತಕ ಹೊಡೆದ ಮೊದಲ ಭಾರತೀಯ ಮಹಿಳೆ ಅವರು. 2017ರ ವಿಶ್ವಕಪ್ಪಿನಲ್ಲಿ ಅದೇ ನ್ಯೂಜಿಲೆಂಡ್ ಎದುರು 45 ಎಸೆತಕ್ಕೆ 70 ಹೊಡೆದ ವೇದಾ ಕೃಷ್ಣಮೂರ್ತಿ ಎಲ್ಲಿಯವರು? ಇಲ್ಲೇ ಪಕ್ಕದ ಜಿಲ್ಲೆಯ ಕಡೂರಿನವರು. ಈ ಹೆಸರುಗಳಿಲ್ಲದ ಚರ್ಚೆ ಅರ್ಧ ಚರ್ಚೆ.

ಕಡೆಯದಾಗಿ ನಿಮ್ಮದೇ ತಂಡದ ಮಾತು. ಗದ್ದೆ ಕೊಯ್ಲಾದ ಮೇಲೆ ಕೂಳೆ ತೆಗೆದು, ನೆಲ ಹದ ಮಾಡಿ ಟೆನಿಸ್ ಬಾಲ್ ಪಂದ್ಯಾವಳಿ ನಡೆಸುತ್ತೀರಿ. ತೀರ್ಥಹಳ್ಳಿ ಕಡೆಯಿಂದಲೂ ತಂಡಗಳು ಬರುತ್ತವೆ. ಗದ್ದೆಗಳೆಲ್ಲ ಅಡಿಕೆ ತೋಟವಾಗುತ್ತಿರುವ ಈ ಕಾಲದಲ್ಲಿ ಆ ಆಟದ ಜಾಗವೂ ವರ್ಷ ವರ್ಷ ಕಿರಿದಾಗುತ್ತಿದೆ, ಅದು ನನಗೆ ನೋವಿನ ಸಂಗತಿ. ನಿಮ್ಮ ಊರಿನ ತಂಡದಲ್ಲಿ ಇದುವರೆಗಿನ ದೊಡ್ಡ ಆಟಗಾರ ಯಾರು ಅಂತ ಕೇಳಿದರೆ ಉತ್ತರ ಹೇಳಲು ಒಂದು ಹಾಳೆಯೂ ನಿಮ್ಮಲ್ಲಿಲ್ಲ. ಸ್ಕೋರ್ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೀರಿ, ಸಂಜೆಗೆ ಒರೆಸುತ್ತೀರಿ. ಈ ವರ್ಷದಿಂದ ಸ್ಕೋರ್ ಪುಸ್ತಕ ಇಡಿ. ಯಾರು ಎಷ್ಟು ಹೊಡೆದರು ಅನ್ನುವುದರ ಜೊತೆಗೆ ಎದುರು ತಂಡ ಯಾವುದು, ಚೆಂಡು ನೆಲ ಹಿಡಿಯುತ್ತಿತ್ತೋ ಪುಟಿಯುತ್ತಿತ್ತೋ, ಕ್ಯಾಚು ಬಿಟ್ಟವರು ಯಾರು, ಎಲ್ಲ ಬರೆಯಿರಿ. ಪುಸ್ತಕದ ದುಡ್ಡು ನಾನು ಕೊಡುತ್ತೇನೆ. ಆದರೆ ತಂಗಿಯನ್ನು ಬರೆಯಲು ಕೂರಿಸಿ ನೀವು ಆಡಲು ಹೋಗಕೂಡದು. ಸರದಿಯಲ್ಲಿ ಬರೆಯಿರಿ. ಅವಳಿಗೂ ಬ್ಯಾಟ್ ಕೊಡಿ.